ಮುಂದಿನ ಗಾಜು ಎಷ್ಟು ಒರೆಸಿದರೂ ಮಬ್ಬೇ? ಹೊರಗಿನ ಧೂಳಷ್ಟೇ ಅಲ್ಲ, ಒಳಗಿನ ಜಿಡ್ಡೂ ನೋಡಿ

ಬಳ್ಳಾರಿ: ಸಂಡೂರು, ತೋರಣಗಲ್ಲು ಕಡೆಯಿಂದ ಮಾಲು ತರೋಕೆ ಬೆಳಿಗ್ಗೆ ಬಳ್ಳಾರಿಗೆ ಬರೋ ಅಂಗಡಿಯವರಿಗೆ ಒಂದು ತೊಂದರೆ ತಪ್ಪಿದ್ದಲ್ಲ. ಬರುವಾಗ ಗಾಡಿ ಮುಖ ಪೂರ್ವಕ್ಕೆ, ಎದುರಿಗೇ ಸೂರ್ಯ. ಸಂಜೆ ವಾಪಸ್ ಹೋಗುವಾಗ ಮುಖ ಪಶ್ಚಿಮಕ್ಕೆ, ಮತ್ತೆ ಎದುರಿಗೇ ಸೂರ್ಯ. ಗಾಜು ಸ್ವಚ್ಛ ಇದ್ದರೆ ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡು ಹೋಗಬಹುದು. ಅದೇ ಗಾಜಿನ ಮೇಲೆ ಕೆಂಪು ಧೂಳು, ಎಣ್ಣೆ ಜಿಡ್ಡು, ಬೋರ್ ನೀರಿನ ಕಲೆ ಕೂತಿದ್ದರೆ ಇಡೀ ಗಾಜು ಬೆಳ್ಳಗೆ ಹೊಳೆಯೋಕೆ ಶುರು ಮಾಡುತ್ತೆ. ಮುಂದೆ ಹೋಗ್ತಿರೋ ಬೈಕು, ರಸ್ತೆ ದಾಟೋ ಎಮ್ಮೆ ಕಾಣೋದು ಹತ್ತಿರ ಬಂದ ಮೇಲೇ.

ರಾತ್ರಿ ಇನ್ನೂ ಕಷ್ಟ. ಸಿರುಗುಪ್ಪ ರಸ್ತೆಯಲ್ಲಿ ಎದುರಿನಿಂದ ಲಾರಿ ಹೈ ಬೀಮ್ ಹಾಕಿಕೊಂಡು ಬಂದರೆ ಗಾಜಿನ ತುಂಬ ಬೆಳಕು ಚೆಲ್ಲಿದ ಹಾಗಾಗಿ ಎರಡು ಸೆಕೆಂಡು ಏನೂ ಕಾಣೋದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗೋ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತೆ. ಎರಡು ಸೆಕೆಂಡು ಅಂದರೆ 33 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದಂಗೆ. ಅಷ್ಟರಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಒಂದು ಮುಂದಿದ್ದರೆ ಮುಗೀತು.

ಬಹಳ ಜನ ಎದುರಿನ ಲಾರಿ ಲೈಟಿಗೆ ಬೈತಾರೆ, ಇಲ್ಲಾ ಕಣ್ಣಿನ ನಂಬರ್ ಜಾಸ್ತಿ ಆಗಿದೆ ಅಂತ ಕನ್ನಡಕದ ಅಂಗಡಿಗೆ ಹೋಗ್ತಾರೆ. ಗಾಜು ನೋಡೋರು ಕಡಿಮೆ. ನೋಡಿದರೂ ಹೊರಗಿನಿಂದ ಒಂದು ಸಲ ಬಟ್ಟೆ ಆಡಿಸಿ ಸುಮ್ಮನಾಗ್ತಾರೆ. ಆದರೆ ರಾತ್ರಿ ಕಣ್ಣು ಕೋರೈಸೋ ಮಬ್ಬಿನಲ್ಲಿ ದೊಡ್ಡ ಪಾಲು ಗಾಜಿನ ಒಳಗಡೆ ಇರುತ್ತೆ. ಹೊರಗೆ ಒಣ ಬಟ್ಟೆಯಲ್ಲಿ ಒರೆಸೋದರಿಂದ ಗಾಜು ಶುಚಿ ಆಗೋದಕ್ಕಿಂತ ಗೀರು ಬೀಳೋದೇ ಹೆಚ್ಚು.

ಕೊಳೆ ಒಂದೇ ಥರ ಅಲ್ಲ

ನಮ್ಮ ಜಿಲ್ಲೆಯಲ್ಲಿ ಗಾಜಿನ ಮೇಲೆ ಕೂರೋ ಕೊಳೆ ತಾಲ್ಲೂಕಿಗೊಂದು ಥರ. ಸಂಡೂರು ಭಾಗದಲ್ಲಿ ಅದಿರಿನ ಕೆಂಪು ಧೂಳು. ಸ್ಪಾಂಜ್ ಐರನ್ ಘಟಕಗಳ ಸುತ್ತಮುತ್ತ ಕಪ್ಪು ಪುಡಿ. ಸಿರುಗುಪ್ಪ, ಕಂಪ್ಲಿ ಕಡೆ ಭತ್ತದ ಗದ್ದೆ ಇರೋದರಿಂದ ಮಳೆಗಾಲ ಮುಗಿಯೋ ಹೊತ್ತಿಗೆ ರಾತ್ರಿ ಲೈಟಿಗೆ ಮುತ್ತೋ ಹಸಿರು ಜಿಗಿಹುಳು ಗಾಜಿಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತೆ. ಬಳ್ಳಾರಿ ಊರೊಳಗೆ ಬೋರ್ ನೀರಿನ ಬಿಳಿ ಚುಕ್ಕೆ, ಹೊಗೆ, ಜೊತೆಗೆ ಮಿರ್ಚಿ ಬಂಡಿ ಪಕ್ಕ ನಿಲ್ಲಿಸಿದ್ದರೆ ಕರಿದ ಎಣ್ಣೆಯ ಜಿಡ್ಡು. ಹೊಂಗೆ ಮರದ ನೆರಳು ಅಂತ ಗಾಡಿ ನಿಲ್ಲಿಸಿದರೆ ಎಲೆಯ ರಸ ಹೀರೋ ಸಣ್ಣ ಹುಳುಗಳು ಬಿಡೋ ಅಂಟು ಹನಿ ಹನಿಯಾಗಿ ಬಿದ್ದಿರುತ್ತೆ.

ಇವಕ್ಕೆಲ್ಲ ಒಂದೇ ಮದ್ದು ಇಲ್ಲ. ಧೂಳಿಗೆ ನೀರು ಬೇಕು, ಜಿಡ್ಡಿಗೆ ಸೋಪು ಬೇಕು, ನೀರಿನ ಬಿಳಿ ಕಲೆಗೆ ಹುಳಿ ಬೇಕು, ಹುಳದ ಕಲೆಗೆ ನೆನೆಯೋಕೆ ಟೈಮ್ ಬೇಕು. ಒಂದೇ ಬಟ್ಟೆ, ಒಂದೇ ಬಾಟಲಿ ಹಿಡಿದುಕೊಂಡು ಎಲ್ಲಾ ಉಜ್ಜೋಕೆ ಹೋದರೆ ಜಿಡ್ಡು ಇಡೀ ಗಾಜಿಗೆ ಹರಡುತ್ತೆ ಅಷ್ಟೇ.

ಕೊಳೆ ಒಳಗಿದೆಯೋ ಹೊರಗಿದೆಯೋ ತಿಳಿಯೋಕೆ ಸುಲಭ ದಾರಿ ಇದೆ. ಬೆರಳಿಗೆ ಒಂದು ಬಿಳಿ ಬಟ್ಟೆ ಸುತ್ತಿಕೊಂಡು ಗಾಜಿನ ಒಳಗಡೆ ಒಂದು ಮೂಲೆಯಲ್ಲಿ ಒಂದು ಗೆರೆ ಎಳೀರಿ. ಬಟ್ಟೆ ಬೂದು ಬಣ್ಣ ಆಗಿ, ಗೆರೆ ಎಳೆದ ಜಾಗ ಮಾತ್ರ ತಿಳಿಯಾಗಿ ಕಂಡರೆ ಒಳಗಿನ ಕೆಲಸ ಬಾಕಿ ಇದೆ ಅಂತ ಅರ್ಥ. ಒರೆಸುವಾಗ ಒಳಗಡೆ ಮೇಲಿಂದ ಕೆಳಕ್ಕೆ, ಹೊರಗಡೆ ಎಡದಿಂದ ಬಲಕ್ಕೆ ಒರೆಸಿದರೆ ಇನ್ನೊಂದು ಅನುಕೂಲ. ಆಮೇಲೆ ಉಳಿದ ಗೆರೆ ನಿಂತಿದ್ದರೆ ಒಳಗಿನದು, ಮಲಗಿದ್ದರೆ ಹೊರಗಿನದು. ಕೂತಲ್ಲೇ ಗೊತ್ತಾಗುತ್ತೆ.

ಒಣ ಬಟ್ಟೆ ಮುಟ್ಟಲೇಬೇಡಿ

ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ಹಳೇ ಬನಿಯನ್ ತಗೊಂಡು ಪಟಪಟ ಅಂತ ಧೂಳು ಹೊಡೆಯೋದು ನಮ್ಮ ಕಡೆ ರೂಢಿ. ಬಾಡಿಗೆ ಗಾಡಿಯವರು ಸ್ಟ್ಯಾಂಡಿನಲ್ಲಿ ನಿಂತಾಗಲೆಲ್ಲ ಇದೇ ಕೆಲಸ ಮಾಡ್ತಿರ್ತಾರೆ. ಗಾಜು ಕೆಡೋದು ಇಲ್ಲಿಂದಲೇ.

ಗಡಸುತನ ಅಳೆಯೋ ಮೋಸ್ ಮಾಪಕದಲ್ಲಿ ಸಾಮಾನ್ಯ ಗಾಜು ಸುಮಾರು 5.5ರ ಹತ್ತಿರ ಬರುತ್ತೆ. ರಸ್ತೆ ಧೂಳಿನಲ್ಲಿರೋ ಬೆಣಚುಕಲ್ಲಿನ ಕಣ 7. ಸಂಡೂರು ಬೆಟ್ಟದ ಹೆಮಟೈಟ್ ಅದಿರು 5ರಿಂದ 6.5. ಅಂದರೆ ಧೂಳಿನಲ್ಲಿರೋ ಮರಳಿನ ಕಣ ಗಾಜಿಗಿಂತ ಗಟ್ಟಿ, ಅದಿರಿನ ಕಣ ಹೆಚ್ಚುಕಮ್ಮಿ ಗಾಜಿನಷ್ಟೇ ಗಟ್ಟಿ. ಅದರ ಮೇಲೆ ಒಣ ಬಟ್ಟೆ ಇಟ್ಟು ಒತ್ತಿ ಒರೆಸಿದರೆ ಮರಳು ಕಾಗದ ಉಜ್ಜಿದಂಗೆ. ಒಂದು ದಿನಕ್ಕೆ ಏನೂ ಕಾಣಲ್ಲ. ವರ್ಷ ಎರಡು ವರ್ಷ ಆದಮೇಲೆ ಎದುರು ಬಿಸಿಲಿಗೆ ನೋಡಿದರೆ ಗಾಜಿನ ತುಂಬ ಕೂದಲಿನಂಥ ಗೀರು. ಈ ಗೀರುಗಳೇ ರಾತ್ರಿ ಲೈಟನ್ನ ಚದುರಿಸೋದು. ಕೊಳೆ ಆದರೆ ತೊಳೆದರೆ ಹೋಗುತ್ತೆ, ಗೀರು ಹೋಗಲ್ಲ.

ವೈಪರ್ ವಿಷಯವೂ ಇದೇ. ಧೂಳು ಕೂತ ಒಣ ಗಾಜಿನ ಮೇಲೆ ವೈಪರ್ ಹಾಕಿದರೆ ಅರ್ಧಚಂದ್ರದ ಆಕಾರದಲ್ಲಿ ಗೀರು ಬೀಳುತ್ತೆ. ಮೊದಲ ಮಳೆ ನಾಲ್ಕು ಹನಿ ಬಿದ್ದಾಗ ಗಾಬರಿಯಲ್ಲಿ ವೈಪರ್ ಹಾಕೋದು ಇನ್ನೊಂದು ತಪ್ಪು. ಕೆಂಪು ಧೂಳು, ನಾಲ್ಕು ಹನಿ ಸೇರಿ ಕೆಸರಾಗಿ ಇಡೀ ಗಾಜಿಗೆ ಬಳಿದುಕೊಂಡು ಏನೂ ಕಾಣದಂಗೆ ಆಗುತ್ತೆ. ಅಂಥ ಹೊತ್ತಲ್ಲಿ ಮೊದಲು ವಾಷರ್ ನೀರು ಧಾರಾಳವಾಗಿ ಬಿಡಬೇಕು, ಆಮೇಲೆ ವೈಪರ್. ಟ್ಯಾಂಕಿನಲ್ಲಿ ನೀರು ಇದೆಯಾ ಅನ್ನೋದನ್ನ ಮಳೆ ಬರೋ ಮುಂಚೆ ನೋಡಿಕೊಳ್ಳೋರು ಎಷ್ಟು ಜನ ಅನ್ನೋದು ಬೇರೆ ಮಾತು.

ಹೊರಗಡೆ ತೊಳೆಯೋ ಕ್ರಮ

ಬೇಕಾಗೋ ಸಾಮಾನು ದೊಡ್ಡದೇನಲ್ಲ. ಎರಡು ಬಕೆಟ್, ಒಂದು ಚೊಂಬು, ಕಾರ್ ಶಾಂಪೂ, ಮೂರು ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ಬಾಟಲಿ ಬಿಳಿ ವಿನೆಗರ್. ಮೈಕ್ರೋಫೈಬರ್ ಬಟ್ಟೆ ಈಗ ಗಾಡಿ ಸಾಮಾನಿನ ಅಂಗಡಿಯಲ್ಲೂ ಸಿಗುತ್ತೆ, ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ. ಎಲ್ಲಾ ಸೇರಿದರೂ ಒಂದೆರಡು ಸಲದ ವಾಟರ್ ವಾಶ್ ದುಡ್ಡು.

ಹೊತ್ತು ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ ಬಿಸಿಲು 40 ಡಿಗ್ರಿ ದಾಟೋದು ಹೊಸದಲ್ಲ. ಬಿಸಿಲಲ್ಲಿ ನಿಂತ ಗಾಜು ಮುಟ್ಟೋಕಾಗಲ್ಲ, ಅಷ್ಟು ಕಾದಿರುತ್ತೆ. ಅದರ ಮೇಲೆ ಸೋಪಿನ ನೀರು ಹಾಕಿದರೆ ಒರೆಸೋಕೆ ಮುಂಚೆ ಒಣಗಿ ಹೊಸ ಕಲೆ ಆಗುತ್ತೆ. ಗಾಜಿನಲ್ಲಿ ಮೊದಲೇ ಕಲ್ಲು ಬಡಿದ ಸಣ್ಣ ಬಿರುಕು ಇದ್ದರೆ ಕಾದ ಗಾಜಿಗೆ ತಣ್ಣೀರು ಎರಚಿದಾಗ ಅದು ಉದ್ದಕ್ಕೆ ಓಡೋ ಸಾಧ್ಯತೆ ಇದೆ. ಬೆಳಿಗ್ಗೆ ಬಿಸಿಲು ಏರೋ ಮುಂಚೆ, ಇಲ್ಲಾ ಸಂಜೆ ಗಾಡಿ ತಣ್ಣಗಾದ ಮೇಲೆ ನೆರಳಲ್ಲಿ ಮಾಡಿ.

ಮೊದಲು ಬರೀ ನೀರು. ವೈಪರ್ ಕಡ್ಡಿ ಎತ್ತಿ ನಿಲ್ಲಿಸಿ ಮೇಲಿಂದ ಕೆಳಕ್ಕೆ ಚೊಂಬಿನಲ್ಲಿ ನೀರು ಸುರೀರಿ. ಕೈ ಹಾಕಬೇಡಿ, ಧೂಳು ತಾನಾಗೇ ಹರಿದು ಹೋಗಲಿ. ವೈಪರ್ ಎತ್ತಿದ ಮೇಲೆ ಮಕ್ಕಳನ್ನ ಹತ್ತಿರ ಬಿಡಬೇಡಿ. ಸ್ಪ್ರಿಂಗ್ ಬಿಗಿ ಇರೋದರಿಂದ ಕಡ್ಡಿ ಕೈತಪ್ಪಿ ಬಿದ್ದರೆ ಗಾಜೇ ಒಡೆಯಬಹುದು. ಕೆಲವು ಗಾಡಿಗಳಲ್ಲಿ ವೈಪರ್ ಬಾನೆಟ್ ಅಂಚಿನ ಕೆಳಗೆ ಅಡಗಿರುತ್ತೆ, ಅದನ್ನ ಬಲವಂತವಾಗಿ ಎಳೆಯೋ ಬದಲು ಗಾಡಿ ಜೊತೆ ಬಂದ ಪುಸ್ತಕದಲ್ಲಿ ಹೇಗೆ ಎತ್ತಬೇಕು ಅಂತ ನೋಡಿ. ಗಾಜಿನ ಕೆಳಗೆ ಬಾನೆಟ್ ಸೇರೋ ಸಂದಿಯಲ್ಲಿ ಬೇವಿನ ಎಲೆ, ಹೂವಿನ ಪಕಳೆ, ಮಣ್ಣು ತುಂಬಿರುತ್ತೆ. ಅದನ್ನ ಕೈಯಲ್ಲೇ ತೆಗೆದುಬಿಡಿ. ಇಲ್ಲದಿದ್ದರೆ ಮಳೆ ನೀರು ಹೋಗೋ ದಾರಿ ಕಟ್ಟುತ್ತೆ, ವೈಪರ್ ಹಾಕಿದಾಗ ಅದೇ ಮಣ್ಣು ಮತ್ತೆ ಗಾಜಿನ ಮೇಲೆ ಬರುತ್ತೆ.

ಆಮೇಲೆ ಸೋಪು. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನ ಶಾಂಪೂ ನೀರಲ್ಲಿ ಅದ್ದಿ ಗಾಜು ಒರೆಸಿ, ಬರೀ ನೀರಿನ ಬಕೆಟ್‌ನಲ್ಲಿ ಜಾಲಿಸಿ ಹಿಂಡಿ, ಮತ್ತೆ ಶಾಂಪೂಗೆ ಅದ್ದಬೇಕು. ಒಂದೇ ಬಕೆಟ್ ಇಟ್ಟುಕೊಂಡರೆ ಗಾಜಿನಿಂದ ತೆಗೆದ ಮರಳು ಅದೇ ನೀರಲ್ಲಿ ಸೇರಿ ವಾಪಸ್ ಗಾಜಿಗೇ ಬರುತ್ತೆ. ಕಾರ್ ಶಾಂಪೂ ಇಲ್ಲಾ ಅಂದರೆ ಪಾತ್ರೆ ತೊಳೆಯೋ ಲಿಕ್ವಿಡ್ ಕೆಲವೇ ಹನಿ ಗಾಜಿಗೆ ಮಾತ್ರ ಬಳಸಬಹುದು, ಎಣ್ಣೆ ಜಿಡ್ಡಿಗೆ ಅದು ಚೆನ್ನಾಗೇ ಕೆಲಸ ಮಾಡುತ್ತೆ. ಬಟ್ಟೆ ಒಗೆಯೋ ಪೌಡರ್ ಬೇಡ. ಅದರ ಖಾರ ಬಣ್ಣದ ಮೇಲಿನ ಪಾಲಿಶ್ ತೆಗೆಯುತ್ತೆ, ಸರಿಯಾಗಿ ಕರಗದ ಕಾಳು ಗಾಜಿನ ಮೇಲೆ ತರಿ ಆಗುತ್ತೆ.

ಹುಳದ ಕಲೆ ಇದ್ದರೆ ಉಜ್ಜೋಕೆ ಆತುರ ಬೇಡ. ಹುಳದ ಮೈಯ ರಸ ಬಿಸಿಲಿಗೆ ಒಣಗಿ ಅಂಟಿನ ಹಾಗೆ ಗಟ್ಟಿ ಆಗಿರುತ್ತೆ. ಶಾಂಪೂ ನೀರಲ್ಲಿ ನೆನೆಸಿದ ಬಟ್ಟೆ ಅಥವಾ ಹಳೇ ಪೇಪರನ್ನ ಗಾಜಿನ ಮೇಲೆ ಹಾಸಿ ಹತ್ತು ನಿಮಿಷ ಬಿಡಿ. ಬಿಸಿನೀರು ಬೇಡ, ಉಗುರು ಬೆಚ್ಚಗಿನ ನೀರು ಸಾಕು. ನೆನೆದ ಮೇಲೆ ಒರೆಸಿದರೆ ತಾನಾಗೇ ಬರುತ್ತೆ. ಹಕ್ಕಿ ಹಿಕ್ಕೆಗೂ, ಹೊಂಗೆ ಮರದ ಅಂಟಿಗೂ ಇದೇ ಉಪಾಯ. ಪಾತ್ರೆ ಉಜ್ಜೋ ಸ್ಟೀಲ್ ಬ್ರಶ್, ತೆಂಗಿನ ನಾರು, ಬೂದಿ ಇವ್ಯಾವನ್ನೂ ಗಾಜಿನ ಹತ್ತಿರ ತರಬೇಡಿ.

ಇಷ್ಟಾದ ಮೇಲೂ ಗಾಜಿನ ಮೇಲೆ ಬೆರಳು ಆಡಿಸಿದರೆ ತರಿತರಿ ಅನಿಸಿದರೆ ಕಾರ್ಖಾನೆ ಕಡೆಯ ಸಣ್ಣ ಕಣಗಳು ಗಾಜಿಗೆ ಕಚ್ಚಿಕೊಂಡಿವೆ ಅಂತ. ಗಾಡಿ ಸಾಮಾನಿನ ಅಂಗಡಿಯಲ್ಲಿ ಕ್ಲೇ ಬಾರ್ ಅಂತ ಜೇಡಿಮಣ್ಣಿನ ಉಂಡೆಯಂಥದ್ದು ಸಿಗುತ್ತೆ. ಗಾಜನ್ನ ಶಾಂಪೂ ನೀರಿನಲ್ಲಿ ಒದ್ದೆ ಮಾಡಿಕೊಂಡು ಅದನ್ನ ಹಗುರವಾಗಿ ಜಾರಿಸಿದರೆ ಕಣಗಳು ಅದಕ್ಕೆ ಅಂಟಿಕೊಂಡು ಬರುತ್ತವೆ. ನೆಲಕ್ಕೆ ಬಿದ್ದ ಉಂಡೆಯನ್ನ ಮತ್ತೆ ಬಳಸಬಾರದು, ಮರಳು ಹತ್ತಿರುತ್ತೆ.

ಬೋರ್ ನೀರಿನ ಬಿಳಿ ಕಲೆ

ಬಹಳ ಜನರ ದೂರು ಇದು: ದಿನಾ ತೊಳೆದಷ್ಟೂ ಗಾಜು ಬೆಳ್ಳಗಾಗ್ತಾ ಹೋಗುತ್ತೆ. ಕಾರಣ ತೊಳೆಯೋ ನೀರೇ. ಬೋರ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಕರಗಿರುತ್ತೆ. ನೀರು ಆವಿಯಾಗುತ್ತೆ, ಲವಣ ಗಾಜಿನ ಮೇಲೇ ಉಳಿಯುತ್ತೆ. ಕುಡಿಯೋ ನೀರಿಗೆ ಇರೋ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಸ್ನಾನದ ಮನೆಯ ನಲ್ಲಿ, ಗೀಸರ್ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟೋ ನೀರು ಗಾಜಿನ ಮೇಲೂ ಅದನ್ನೇ ಮಾಡುತ್ತೆ.

ಇದಕ್ಕೆ ಸೋಪು ಹತ್ತೋದಿಲ್ಲ. ಹುಳಿಯೇ ಬೇಕು. ಬಿಳಿ ವಿನೆಗರ್ ಅರ್ಧ, ನೀರು ಅರ್ಧ ಬೆರೆಸಿ ಬಟ್ಟೆ ನೆನೆಸಿ ಕಲೆ ಮೇಲೆ ಐದು ನಿಮಿಷ ಹಾಸಿಡಿ. ಆಮೇಲೆ ಮೆಲ್ಲಗೆ ಒರೆಸಿ ನೀರು ಹಾಕಿ ತೊಳೆಯಿರಿ. ನಿಂಬೆ ರಸವೂ ಆಗುತ್ತೆ, ಆದರೆ ಸೋಸಿಕೊಳ್ಳಬೇಕು, ಇಲ್ಲದಿದ್ದರೆ ಅದರ ಜಿಗಟು ಉಳಿಯುತ್ತೆ. ಹಳೇ ಕಲೆ ಒಂದೇ ಸಲಕ್ಕೆ ಹೋಗಲ್ಲ, ಎರಡು ಮೂರು ಸಲ ಮಾಡಬೇಕು. ಟಾಯ್ಲೆಟ್ ತೊಳೆಯೋ ಆಸಿಡ್ ಹಾಕಿದರೆ ಬೇಗ ಹೋಗುತ್ತೆ ಅನ್ನೋರ ಮಾತು ಕೇಳಬೇಡಿ. ಅದು ಬಾನೆಟ್ ಬಣ್ಣ, ವೈಪರ್ ಕಡ್ಡಿ, ಕೈ ಎಲ್ಲವನ್ನೂ ಸುಡುತ್ತೆ.

ವಿನೆಗರ್ ನೀರು ಎಲ್ಲಿ ಹರಿಯುತ್ತೆ ಅನ್ನೋದನ್ನೂ ನೋಡಿಕೊಳ್ಳಿ. ಬಣ್ಣದ ಮೇಲೆ ಒಣಗೋಕೆ ಬಿಡಬಾರದು. ಮನೆ ಮುಂದೆ ಕಡಪಾ ಕಲ್ಲು ಹಾಸಿದ್ದರೆ ಅದರ ಮೇಲೆ ನಿಲ್ಲಿಸಿಕೊಂಡು ಈ ಕೆಲಸ ಮಾಡೋದೇ ಬೇಡ. ಕಡಪಾ ಸುಣ್ಣದ ಜಾತಿಯ ಕಲ್ಲು, ಹುಳಿ ಬಿದ್ದ ಕಡೆ ಹೊಳಪು ಹೋಗಿ ಮಾಸಿದ ಗುರುತು ಉಳಿಯುತ್ತೆ. ಮಾರ್ಬಲ್‌ಗೂ ಹಾಗೇ.

ಈ ನಡುವೆ ಮನೆಯ ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗೋ ನೀರನ್ನ ಹಿಡಿದಿಟ್ಟು ಗಾಡಿ ತೊಳೆಯೋರು ಜಾಸ್ತಿ ಆಗಿದ್ದಾರೆ. ನೀರು ಉಳಿಸೋ ಉದ್ದೇಶ ಒಳ್ಳೆಯದೇ. ಆದರೆ ಫಿಲ್ಟರ್ ಬಿಟ್ಟು ಹೊರಗೆ ಬರೋ ಆ ನೀರಿನಲ್ಲಿ ಬೋರ್ ನೀರಿಗಿಂತ ಲವಣ ಹೆಚ್ಚು. ಟೈರ್, ಕೆಳಗಿನ ಕೆಸರು ತೊಳೆಯೋಕೆ ಬಳಸಿ, ಗಾಜಿಗೆ ಬೇಡ. ಗಾಜಿಗೆ ಕೊನೆಯಲ್ಲಿ ಹಾಕೋಕೆ ಮಳೆ ನೀರು, ಇಲ್ಲಾ ಎಸಿಯಿಂದ ತೊಟ್ಟಿಕ್ಕೋ ನೀರು ಒಳ್ಳೆಯದು. ಎಸಿ ನೀರು ಗಾಳಿಯ ತೇವ ತಣ್ಣಗಾಗಿ ಇಳಿದಿದ್ದು, ಅದರಲ್ಲಿ ಲವಣ ಇಲ್ಲ ಅನ್ನಬಹುದು. ಅಂಗಡಿಯಲ್ಲಿ ಎಸಿ ಇದ್ದೋರು ಪೈಪಿನ ಕೆಳಗೆ ಒಂದು ಬಕೆಟ್ ಇಟ್ಟರೆ ಗಾಜಿಗೂ ಆಯಿತು, ಶೋಕೇಸ್ ಒರೆಸೋಕೂ ಆಯಿತು. ಯಾವ ನೀರೇ ಹಾಕಿದರೂ ಅದು ಗಾಜಿನ ಮೇಲೆ ತಾನಾಗಿ ಒಣಗೋಕೆ ಬಿಡದೆ ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಕೂಡಲೇ ಒರೆಸಿಬಿಡಿ. ಈಗ ಧೂಳು ಹೋಗಿರೋದರಿಂದ ಒಣ ಬಟ್ಟೆಯಿಂದ ತೊಂದರೆ ಇಲ್ಲ.

ವೈಪರ್ ರಬ್ಬರ್, ವಾಷರ್ ನೀರು

ಗಾಜು ತೊಳೆದು ಕೊಳಕು ವೈಪರ್ ಹಾಕಿದರೆ ಐದು ನಿಮಿಷಕ್ಕೆ ಮತ್ತೆ ಗೆರೆ. ಒದ್ದೆ ಬಟ್ಟೆಯನ್ನ ರಬ್ಬರ್ ಅಂಚಿಗೆ ಹಿಡಿದು ಉದ್ದಕ್ಕೆ ಎಳೆದರೆ ಕರ್ರಗೆ ಕೊಳೆ ಬರುತ್ತೆ. ಬಟ್ಟೆ ಶುಚಿ ಬರೋವರೆಗೂ ಒರೆಸಿ. ಅಂಚು ಸೀಳಿದ್ದರೆ, ಗಟ್ಟಿಯಾಗಿದ್ದರೆ, ಹಾಕಿದಾಗ ಕಿರ್ರ್ ಅಂತ ಸದ್ದು ಮಾಡುತ್ತಾ ನಡುನಡುವೆ ನೀರು ಬಿಟ್ಟು ಹೋಗ್ತಿದ್ದರೆ ಬದಲಾಯಿಸೋದೇ. ನಮ್ಮ ಬಿಸಿಲಿಗೆ ರಬ್ಬರ್ ವರ್ಷದ ಮೇಲೆ ಬಾಳೋದು ಕಷ್ಟ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಒಂದು ಸಲ ನೋಡಿಕೊಂಡರೆ ಸಾಕು.

ವಾಷರ್ ಟ್ಯಾಂಕಿಗೆ ತಲೆಗೆ ಹಾಕೋ ಶಾಂಪೂ ಪೊಟ್ಟಣ ಸುರಿಯೋ ಅಭ್ಯಾಸ ಇದೆ. ಅದು ನೊರೆ ಬರುತ್ತೆ, ಗಾಜಿನ ಮೇಲೆ ಪೊರೆ ಬಿಡುತ್ತೆ, ಒಣಗಿದರೆ ನೀರು ಚಿಮ್ಮೋ ಸಣ್ಣ ತೂತು ಕಟ್ಟುತ್ತೆ. ವಾಷರ್‌ಗೆಂದೇ ಸಿಗೋ ದ್ರಾವಣವನ್ನ ಬಾಟಲಿ ಮೇಲೆ ಹೇಳಿದಷ್ಟೇ ಬೆರೆಸಿ. ತೂತು ಕಟ್ಟಿದ್ದರೆ ಸಣ್ಣ ಸೂಜಿ ಹಾಕಿ ಬಿಡಿಸಬಹುದು.

ಒಳಗಡೆ: ಅಗರಬತ್ತಿ ಹೊಗೆಯೂ ಸೇರಿ

ಈಗ ನಿಜವಾದ ಕಳ್ಳನ ಕಡೆ ಬರೋಣ. ಒಳಗಡೆ ಮಳೆ ಇಲ್ಲ, ಕೆಸರಿಲ್ಲ, ಆದರೂ ಗಾಜು ಯಾಕೆ ಮಬ್ಬಾಗುತ್ತೆ? ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಅದರಲ್ಲಿ ಎಣ್ಣೆಯಂಥ ರಾಸಾಯನಿಕ ಸೇರಿಸಿರುತ್ತಾರೆ. ಬಾಗಿಲು ಮುಚ್ಚಿದ ಗಾಡಿ ಬಿಸಿಲಲ್ಲಿ ನಿಂತಾಗ ಅದು ಆವಿಯಾಗಿ ಎದುರಿಗಿರೋ ಗಾಜಿಗೆ ಹೋಗಿ ತೆಳು ಪೊರೆಯಾಗಿ ಕೂರುತ್ತೆ. ಹೊಸ ಕಾರಿನ ವಾಸನೆ ಅಂತ ಖುಷಿಪಡ್ತೀವಲ್ಲ, ಅದರಲ್ಲಿ ಇದೂ ಒಂದು ಪಾಲು. ಹಾಗಾಗಿ ಹೊಸ ಗಾಡಿಯಲ್ಲೇ ಇದು ಜಾಸ್ತಿ. ಸಿಗರೇಟು, ಬೀಡಿ ಹೊಗೆ, ಡ್ಯಾಶ್‌ಬೋರ್ಡಿಗೆ ಹಚ್ಚೋ ಹೊಳಪಿನ ಪಾಲಿಶ್, ಎಸಿ ಬಾಯಿಗೆ ಸಿಕ್ಕಿಸೋ ಪರ್ಫ್ಯೂಮ್ ಎಲ್ಲಾ ಇದಕ್ಕೆ ಸೇರುತ್ತೆ.

ನಮ್ಮಲ್ಲಿ ಇನ್ನೊಂದಿದೆ, ಅಗರಬತ್ತಿ. ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ದೇವರ ಮುಂದೆ ಎರಡು ಕಡ್ಡಿ ಹಚ್ಚಿ ಗಾಜು ಏರಿಸಿ ಬಿಡೋರು ಬಹಳ. ಅದರ ಹೊಗೆಯಲ್ಲಿರೋ ಎಣ್ಣೆಯಂಶ ದಿನಾ ಇಷ್ಟಿಷ್ಟೇ ಗಾಜಿಗೆ ಅಂಟುತ್ತೆ. ಹಚ್ಚಬೇಡಿ ಅಂತ ಯಾರೂ ಹೇಳಲ್ಲ. ಹಚ್ಚಿದಾಗ ಬಾಗಿಲು ತೆರೆದಿಡಿ, ಕಡ್ಡಿಯನ್ನ ಮುಂದಿನ ಗಾಜಿನ ಬುಡದಲ್ಲಿ ಸಿಕ್ಕಿಸಬೇಡಿ. ಆಯುಧ ಪೂಜೆಗೆ ಹಚ್ಚಿದ ವಿಭೂತಿ, ಗಂಧ, ಕುಂಕುಮವನ್ನೂ ಮರುದಿನ ನೀರು ಹಾಕಿ ತೊಳೆಯಿರಿ, ಒಣಗಿದ ಗಂಧವನ್ನ ಉಗುರಿನಿಂದ ಕೆರೆಯೋದು ಬೇಡ.

ಈ ಪೊರೆ ಹಗಲಲ್ಲಿ ಕಾಣೋದೇ ಇಲ್ಲ. ಎದುರಿನ ಲೈಟ್ ಬಿದ್ದಾಗ ಮಾತ್ರ ಬೆಳಕನ್ನ ಚದುರಿಸುತ್ತೆ. ಮಳೆಗಾಲದಲ್ಲಿ ಗಾಜಿಗೆ ಉಸಿರಿನ ಮಂಜು ಬೇಗ ಕಟ್ಟೋದೂ ಕೊಳೆ ಗಾಜಿನ ಮೇಲೆಯೇ.

ತೆಗೆಯೋಕೆ ಬರೀ ನೀರು ಸಾಲದು. ಮೆಡಿಕಲ್ ಶಾಪಿನಲ್ಲಿ ಸಿಗೋ ಸರ್ಜಿಕಲ್ ಸ್ಪಿರಿಟ್ ಅರ್ಧ, ಶುದ್ಧ ನೀರು ಅರ್ಧ ಬೆರೆಸಿ ಬಟ್ಟೆಗೆ ಹಾಕಿಕೊಂಡು ಒರೆಸಿ. ಕೂಡಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಬೇಕು. ಒಂದೇ ಬಟ್ಟೆ ಇಟ್ಟುಕೊಂಡರೆ ಜಿಡ್ಡು ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತೆ ಅಷ್ಟೇ. ಬಟ್ಟೆಯನ್ನ ನಾಲ್ಕು ಮಡಿಕೆ ಮಾಡಿಕೊಂಡು ಮಡಿಕೆ ಕೊಳೆಯಾದಂಗೆ ತಿರುಗಿಸಿಕೊಳ್ಳಿ. ಸ್ಪಿರಿಟ್ ಬೆಂಕಿ ಹತ್ತೋ ವಸ್ತು. ನಾಲ್ಕೂ ಬಾಗಿಲು ತೆರೆದಿರಲಿ, ಆ ಹೊತ್ತಲ್ಲಿ ಬೀಡಿ, ಅಗರಬತ್ತಿ ಹತ್ತಿರ ಬೇಡ. ಕೊರೋನಾ ಕಾಲದಲ್ಲಿ ತಂದು ಉಳಿದ ಸ್ಯಾನಿಟೈಸರ್ ಬಳಸೋಣ ಅನ್ನೋರಿಗೆ: ಕೈ ಒಣಗದಿರಲಿ ಅಂತ ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ, ಅದು ಗಾಜಿನ ಮೇಲೆ ಇನ್ನೊಂದು ಜಿಡ್ಡು.

ಯಾವ ದ್ರಾವಣವನ್ನೂ ನೇರ ಗಾಜಿಗೆ ಸ್ಪ್ರೇ ಮಾಡಬೇಡಿ, ಡ್ಯಾಶ್‌ಬೋರ್ಡ್ ಮೇಲೆ, ಸ್ಪೀಕರ್ ಜಾಲರಿಗೆ ಇಳಿಯುತ್ತೆ. ಮನೆ ಕಿಟಕಿ ಒರೆಸೋ ಬಾಟಲಿ ಮೇಲೆ ಅಮೋನಿಯಾ ಅಂತ ಬರೆದಿದ್ದರೆ ಗಾಡಿ ಒಳಗೆ ಬೇಡವೇ ಬೇಡ. ಮುಚ್ಚಿದ ಜಾಗದಲ್ಲಿ ಅದರ ಘಾಟು ಕಣ್ಣಿಗೆ, ಗಂಟಲಿಗೆ ಹೊಡೆಯುತ್ತೆ, ಬಣ್ಣದ ಫಿಲ್ಮ್ ಇದ್ದರೆ ಅದೂ ಹಾಳಾಗುತ್ತೆ. ಹಳೇ ಪೇಪರ್‌ನಲ್ಲಿ ಒರೆಸಿದರೆ ಗಾಜು ಹೊಳೆಯೋದು ನಿಜ, ಆದರೆ ಮಸಿ ಪಕ್ಕದ ರಬ್ಬರಿಗೂ ಮೇಲಿನ ಬಟ್ಟೆಗೂ ಹತ್ತುತ್ತೆ. ಹೇಗೂ ಪೇಪರ್ ತರಿಸೋ ಮನೆಗಳೇ ಕಮ್ಮಿ ಆಗ್ತಿವೆ.

ಗಾಜು ಡ್ಯಾಶ್‌ಬೋರ್ಡಿಗೆ ಸೇರೋ ಕೆಳಗಿನ ಮೂಲೆಗೆ ಕೈ ಹೋಗಲ್ಲ. ಮಕ್ಕಳ ಪ್ಲಾಸ್ಟಿಕ್ ಸ್ಕೇಲಿಗೆ ಬಟ್ಟೆ ಸುತ್ತಿಕೊಂಡರೆ ಅಲ್ಲಿಗೂ ತಲುಪುತ್ತೆ. ಡ್ರೈವರ್ ಸೀಟಿಗಿಂತ ಪಕ್ಕದ ಸೀಟಿನಲ್ಲಿ ಕೂತು ಒರೆಸೋದು ಸುಲಭ, ಸ್ಟೀರಿಂಗ್ ಅಡ್ಡ ಬರಲ್ಲ.

ಫಾಸ್ಟ್ಯಾಗ್, ಸ್ಟಿಕ್ಕರ್ ಸುತ್ತ ಹುಷಾರು

ಒಳಗಡೆ ಒರೆಸುವಾಗ ಫಾಸ್ಟ್ಯಾಗ್ ಅಂಚಿಗೆ ಸ್ಪಿರಿಟ್ ತಾಗಿ ಅಂಟು ಸಡಿಲವಾದರೆ ಟೋಲ್‌ನಲ್ಲಿ ಪೇಚಾಟ. ಒಮ್ಮೆ ಕಿತ್ತು ಬಂದರೆ ಒಳಗಿನ ತಂತಿ ಹರಿದು ಟ್ಯಾಗ್ ಓದದಂಗೆ ಆಗಬಹುದು. ಕಿತ್ತ ಟ್ಯಾಗನ್ನ ಕೈಯಲ್ಲಿ ಹಿಡಿದು ತೋರಿಸಿದರಾಯ್ತು ಅನ್ನೋ ಕಾಲವೂ ಹೋಯ್ತು. ಹಾಗೆ ಸಡಿಲ ಇಟ್ಟುಕೊಂಡ ಟ್ಯಾಗ್‌ಗಳನ್ನ ಕಪ್ಪುಪಟ್ಟಿಗೆ ಸೇರಿಸೋದಾಗಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಹೇಳಿದೆ. ಟ್ಯಾಗ್‌ನಿಂದ ಎರಡು ಬೆರಳು ದೂರದವರೆಗೆ ಒರೆಸಿ ಬಿಟ್ಟುಬಿಡಿ. ಹೊಸ ನಂಬರ್ ಪ್ಲೇಟ್ ಜೊತೆ ಕೊಟ್ಟ ಬಣ್ಣದ ಸ್ಟಿಕ್ಕರ್ ಕೂಡ ಹಾಗೇ, ಕೀಳೋಕೆ ಹೋದರೆ ಹರಿದು ಹೋಗೋ ರೀತಿಯಲ್ಲೇ ಮಾಡಿರುತ್ತಾರೆ. ಕನ್ನಡಿ ಹಿಂದೆ ಕ್ಯಾಮೆರಾ, ಸೆನ್ಸರ್ ಇರೋ ಹೊಸ ಗಾಡಿಗಳಲ್ಲಿ ಆ ಭಾಗಕ್ಕೆ ಒಣ ಮೆತ್ತನೆ ಬಟ್ಟೆ ಮಾತ್ರ.

ಹಳೇ ಸ್ಟಿಕ್ಕರ್, ಸಂಘದ ಹೆಸರು, ದೇವರ ಚಿತ್ರ ತೆಗೆದ ಮೇಲೆ ಉಳಿಯೋ ಅಂಟಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಆಮೇಲೆ ಸೋಪಿನ ನೀರು. ಇನ್ನು ಬಿಸಿಲಿಗೆ ಅಂತ ಮುಂದಿನ ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಿದ್ದರೆ ಎಷ್ಟು ತೊಳೆದರೂ ರಾತ್ರಿ ಕಾಣೋದು ಅಷ್ಟಕ್ಕಷ್ಟೇ. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕು ದಾಟಬೇಕು ಅನ್ನೋದು ಕೇಂದ್ರ ಮೋಟಾರು ವಾಹನ ನಿಯಮ. ಕಪ್ಪು ಫಿಲ್ಮ್ ಬಗ್ಗೆ ಸುಪ್ರೀಂ ಕೋರ್ಟ್ 2012ರಲ್ಲೇ ಕಟ್ಟುನಿಟ್ಟಿನ ಆದೇಶ ಕೊಟ್ಟಿದೆ.

ತಂಬಾಕು, ಆಲೂಗಡ್ಡೆ, ಸೀಮೆಎಣ್ಣೆ

ಮಳೆಯಲ್ಲಿ ವೈಪರ್ ಕೈಕೊಟ್ಟಾಗ ತಂಬಾಕು ಇಲ್ಲಾ ಹೆಚ್ಚಿದ ಆಲೂಗಡ್ಡೆ ಗಾಜಿಗೆ ಉಜ್ಜೋದು ಹಳೇ ಲಾರಿ ಡ್ರೈವರ್‌ಗಳ ಉಪಾಯ. ಪೂರ್ತಿ ಸುಳ್ಳಲ್ಲ. ಅದರ ರಸದಿಂದ ನೀರು ಹನಿ ಕಟ್ಟದೆ ತೆಳುವಾಗಿ ಹರಡಿ ಹರಿಯುತ್ತೆ, ಸ್ವಲ್ಪ ದೂರ ದಾರಿ ಕಾಣುತ್ತೆ. ಮನೆ ತಲುಪೋಕೆ ಸರಿ. ಆದರೆ ಅದು ಶುಚಿ ಮಾಡೋ ವಿಧಾನ ಅಲ್ಲ. ಒಣಗಿದ ಮೇಲೆ ಅದೇ ಇನ್ನೊಂದು ಪೊರೆ, ಮರುದಿನ ತೊಳೆಯಲೇಬೇಕು. ಸೀಮೆಎಣ್ಣೆ, ಡೀಸೆಲ್‌ನಲ್ಲಿ ಒರೆಸಿದರೆ ಆ ಕ್ಷಣಕ್ಕೆ ಹೊಳಪು ಬರುತ್ತೆ, ಉಳಿದ ಎಣ್ಣೆಗೆ ಹೊತ್ತು ಮುಳುಗೋದರೊಳಗೆ ಡಬಲ್ ಧೂಳು ಹತ್ತುತ್ತೆ, ವೈಪರ್ ರಬ್ಬರ್ ಉಬ್ಬಿ ಹಾಳಾಗುತ್ತೆ.

ತೊಳೆದರೂ ಹೋಗದಿದ್ದರೆ

ಎಲ್ಲಾ ಮಾಡಿದ ಮೇಲೆ ರಾತ್ರಿ ಗಾಡಿಯಲ್ಲಿ ಕೂತು ಬೀದಿ ದೀಪದ ಕಡೆ ನೋಡಿ. ಬೆಳಕು ದುಂಡಗೆ ಒಂದೇ ಕಡೆ ಕಂಡರೆ ಗಾಜು ಸರಿ ಇದೆ. ವೈಪರ್ ಓಡೋ ದಾರಿಯಲ್ಲೇ ಬೆಳಕಿನ ಗೆರೆ ಬಿಲ್ಲಿನ ಹಾಗೆ ಬಾಗಿ ಕಂಡರೆ ಅದು ಕೊಳೆ ಅಲ್ಲ, ಗೀರು. ಉಗುರು ಆಡಿಸಿ ನೋಡಿ. ಉಗುರಿಗೆ ಸಿಗದಷ್ಟು ಸಣ್ಣದಾದರೆ ಗಾಜಿಗೆಂದೇ ಇರೋ ಪಾಲಿಶ್‌ನಲ್ಲಿ ಸ್ವಲ್ಪ ಕಡಿಮೆ ಆಗಬಹುದು. ಉಗುರು ಸಿಕ್ಕಿಕೊಳ್ಳೋ ಗೀರಿಗೆ ಮನೆ ಮದ್ದು ಇಲ್ಲ. ಟೂತ್‌ಪೇಸ್ಟ್ ಉಜ್ಜಿದರೆ ಹೋಗುತ್ತೆ ಅನ್ನೋ ವಿಡಿಯೋಗಳಲ್ಲಿ ಪೇಸ್ಟ್ ಗೀರಿನೊಳಗೆ ತುಂಬಿಕೊಂಡಿರುತ್ತೆ, ಒಂದು ಮಳೆಗೆ ತೊಳೆದು ಹೋಗುತ್ತೆ.

ಅದಿರು ಲಾರಿ ಹಿಂದೆ ಹೋಗುವಾಗ ಕಲ್ಲು ಸಿಡಿದು ಬಿದ್ದ ಚುಕ್ಕೆ ಗಾತ್ರದ ಒಡಕು ಇದ್ದರೆ ತೊಳೆಯೋಕೆ ಮುಂಚೆ ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಮುಂದಿನ ಗಾಜು ಒಂದೇ ಹಾಳೆ ಅಲ್ಲ, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು. ಒಡಕಿನೊಳಗೆ ಧೂಳು, ಸೋಪಿನ ನೀರು ಹೋಗದೆ ಇದ್ದರೆ ಗಾಜಿನ ಅಂಗಡಿಯವರು ಅಂಟು ದ್ರಾವಣ ತುಂಬಿ ಸರಿ ಮಾಡೋಕೆ ಆಗುತ್ತೆ, ಕೊಳೆ ಒಳಗೆ ಹೋದ ಮೇಲೆ ಕಲೆ ಉಳಿಯುತ್ತೆ. ಒಡಕು ಡ್ರೈವರ್ ಕಣ್ಣ ನೇರಕ್ಕಿದ್ದರೆ ಅಥವಾ ಅಂಚಿನವರೆಗೆ ಓಡಿದ್ದರೆ ಗಾಜು ಬದಲಾಯಿಸೋದೇ ದಾರಿ. ಆಗ ವಿಮೆ ಪತ್ರ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ ಇದ್ದರೆ ಸ್ವಂತ ಗಾಡಿಯ ಗಾಜಿಗೆ ದುಡ್ಡು ಬರಲ್ಲ. ಫುಲ್ ಇನ್ಶೂರೆನ್ಸ್ ಇದ್ದರೆ ಕೈಯಿಂದ ಎಷ್ಟು ಹಾಕಬೇಕು, ಕ್ಲೇಮ್ ಮಾಡಿದರೆ ಮುಂದಿನ ವರ್ಷದ ಬೋನಸ್ ಹೋಗುತ್ತಾ ಅನ್ನೋದನ್ನ ಗಾಜು ಬಿಚ್ಚಿಸೋಕೆ ಮುಂಚೆಯೇ ಏಜೆಂಟ್ ಹತ್ತಿರ ಕೇಳಿಕೊಳ್ಳಿ.